ನಾಲ್ಕನೇ ತಿರುವಿನ ಬಿರುಕು

ಶನಿವಾರ, ರಾತ್ರಿ ಹತ್ತೂವರೆ. ಬೈಕ್ ರೇಸಿನ ಹಿಂದಿನ ಸಂಜೆ ಸವಾರರು ಟ್ರ್ಯಾಕಿನುದ್ದಕ್ಕೂ ನಡೆದು, ಬಿರುಕಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಇವತ್ತು ನಾನೂ ಜೊತೆಗೆ ನಡೆದೆ. ತಮ್ಮ ಬಿದ್ದು ಸತ್ತ ನಾಲ್ಕನೇ ತಿರುವಿನ ಬಿರುಕು ವರ್ಷವಾದರೂ ಹಾಗೇ ಇದೆ; ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆ.

“ರಿಪೇರಿ ಆಗಿದೆಯಲ್ಲ,” ಎಂದ ಟ್ರ್ಯಾಕಿನ ಮ್ಯಾನೇಜರ್.

“ಪೌಡರ್ ಚೆನ್ನಾಗೇ ಹಚ್ಚಿದ್ದೀರಿ ಸಾರ್. ನಾಳೆ ಮೊದಲ ಸುತ್ತು ನೀವೇ ಹೊಡೀರಿ,” ಎಂದಳು ಸವಾರರಲ್ಲೊಬ್ಬಳು. ಅವನೂ ನಕ್ಕ.

ಹೋದ ವರ್ಷ ತಮ್ಮ ಇಲ್ಲೇ ಗುರುತು ಹಾಕಿ, “ಅಣ್ಣ, ನೋಡಿದ್ಯಾ?” ಎಂದಿದ್ದ. “ಇಷ್ಟಕ್ಕೆಲ್ಲ ರೇಸ್ ನಿಲ್ಲಿಸ್ತಾರೇನೋ?” ಎಂದಿದ್ದೆ. ಮರುದಿನ ಆ ತಿರುವಿನಲ್ಲಿ ಎಚ್ಚರಿಕೆಯ ಬಾವುಟ ಹಿಡಿದು ನಿಂತಿದ್ದವನೂ ನಾನೇ. ದೀಪ ಆರಿಸಿದರೆ ಸಾಕು, ಅವನ ಪ್ರಶ್ನೆ ಕಿವಿಯ ಹತ್ತಿರ ಬಂದು ನಿಲ್ಲುತ್ತದೆ. ನೋಡಿದ್ದೆ ಕಣೋ.

ಹಳದಿ ಬಾವುಟ ಕಂಡರೆ ಯಾರೇ ಆಗಲಿ ವೇಗ ಇಳಿಸಲೇಬೇಕು. ನಾಳೆಯೂ ಆ ತಿರುವಿನಲ್ಲಿ ನಿಲ್ಲುವವನು ನಾನೇ; ಮೊದಲ ಸುತ್ತಿನಿಂದಲೇ ಅದನ್ನು ಎತ್ತಿ ಹಿಡಿಯುತ್ತೇನೆ. ರೇಸ್ ಎಂಟು ಗಂಟೆಗೆ.