ಎತ್ತು ಕಟ್ಟಿದ ಬಿಜಲಿ ಮೋಟಾರು

ಕಲಬುರ್ಗಿ
ಮಾಘ ಶುದ್ಧ ದಶಮಿ, ೧೯೧೬

ಚಿರಂಜೀವಿ ಮುಕುಂದನಿಗೆ ಅಮ್ಮನ ಅನೇಕ ಆಶೀರ್ವಾದಗಳು.

ಹೈದರಾಬಾದಿನಲ್ಲಿ ನಿನ್ನ ಕೆಮ್ಮು ಹೇಗಿದೆ? ಕಚೇರಿಯ ಗಡಿಬಿಡಿಯಲ್ಲಿ ಊಟ ಬಿಡಬೇಡ. ಇಲ್ಲಿ ನಾನೂ ನಿನ್ನ ಹೆಂಡತಿ ಮಥುರಾಳೂ ಕ್ಷೇಮ. ಬರೀ ಕ್ಷೇಮವಲ್ಲ, ಕಮಲಾಪುರಕ್ಕೆ ಹೋಗಿ ನಿನ್ನ ದೊಡ್ಡಮ್ಮನನ್ನು ನೋಡಿಕೊಂಡು ಬಂದಿದ್ದೇವೆ! ನಕ್ಕು ನಕ್ಕು ನನ್ನ ದವಡೆ ಇನ್ನೂ ನೋಯುತ್ತಿದೆ.

ದೀಪಾವಳಿಯಿಂದ ಹಾಸಿಗೆ ಹಿಡಿದಿದ್ದ ಅಕ್ಕ, "ಪಾರೂನ್ನ ಒಮ್ಮೆ ತೋರಸ್ರಿ" ಎಂದು ಹೇಳಿ ಕಳಿಸಿದ್ದಳು. ನಾವು ಅಕ್ಕತಂಗಿ ಮುಖ ನೋಡಿ ಒಂಬತ್ತು ವರ್ಷ. ಸೊಂಟ ಮುರಿದ ಮೇಲೆ ನನಗೆ ಬಂಡಿಯ ಕುಲುಕಾಟ ಕೂಡದೆಂದು ಡಾಕ್ಟರರು ಹೇಳಿದ್ದು ನಿನಗೆ ಗೊತ್ತೇ ಇದೆ. ಅಳುತ್ತ ಕೂತಿದ್ದೆ. ಆಗ ಮಥುರಾ, "ಅತ್ಯಾ, ಕೊಟ್ಟಿಗ್ಯಾಗ ಮೋಟಾರ್ ಅದ ಅಲ್ರೀ" ಎಂದಳು.

ಜಾಗೀರದಾರರೊಬ್ಬರಿಂದ ನೀನು ಕೊಂಡ, ಬಿಜಲಿಯಿಂದ ಓಡುವ ಆ ಹಳೆಯ ಮೋಟಾರು ನೀನಿದ್ದಾಗಲೇ ಊರೊಳಗಿನ ರೋಜಾ ದರ್ಗಾದವರೆಗೆ ಹೋಗಿ ಬರುವಷ್ಟರಲ್ಲಿ ದಮ್ಮು ಕಟ್ಟುತ್ತಿತ್ತು. ಗಿರಣಿಯ ಡೈನಮೋ ನೋಡಿಕೊಳ್ಳುವ ಸಾಯಬಣ್ಣ ಬಂದು, ಬ್ಯಾಟರಿಯ ಇಪ್ಪತ್ತನಾಲ್ಕು ಖಾನೆಗಳಲ್ಲೂ ಗಾಜಿನ ನಳಿಕೆ ಅದ್ದಿ ಕಸುವು ನೋಡಿದ. "ಏಳು ಪೂರಾ ಸತ್ತಾವ್ರೀ ಅಮ್ಮಾರ. ಉಳದವು ಮುದುಕ ಆಗ್ಯಾವ, ಆದ್ರ ಜೀವ ಅದ" ಎಂದ. ನನ್ನ ವಿಷಯವನ್ನೇ ಹೇಳಿದನೇನೋ ಅನ್ನಿಸಿತು! ಸತ್ತವನ್ನು ತೆಗೆದು, ಉಳಿದವಕ್ಕೆ ಆವಿ ತಣಿಸಿ ಹಿಡಿದ ನೀರು ತುಂಬಿ, ಗಿರಣಿಯಲ್ಲಿ ಮೂರು ದಿನ ಸಣ್ಣಗೆ ಬಿಜಲಿ ಉಣ್ಣಿಸಿದ. ಓಡಿಸಿ ನೋಡಿದರೆ ಎಂಟು ಮೈಲಿ ಓಡಿತು. ಕಮಲಾಪುರ ಇಪ್ಪತ್ತು ಮೈಲಿಗೂ ಮೇಲೆ.

"ಉಳದ ದಾರಿ ಎತ್ತು ಎಳೀತಾವ್ರೀ" ಎಂದಳು ಮಥುರಾ. "ಕುಲುಕಾಟ ತಡಿಯೂದು ಸ್ಪ್ರಿಂಗು, ಬ್ಯಾಟರಿ ಅಲ್ಲ." ಎಂಥ ತಲೆ ನೋಡು!

ನಮ್ಮ ಹೊಲ ಮಾಡುವ ಮಾಪಣ್ಣ ಎತ್ತು ಹೊಡೆದುಕೊಂಡು ನಸುಕಿನಲ್ಲೇ ಮುಂದೆ ಹೋದ. ಬಿಸಿಲೇರಿದ ಮೇಲೆ ಮಥುರಾ ಸೆರಗು ಬಿಗಿದು ಹೊರಟಳು. ನೀನು ಅಂಗಳದಲ್ಲಿ ಕಲಿಸಿದ್ದು ಮರೆತಿಲ್ಲ. ಸದ್ದಿಲ್ಲ, ಹೊಗೆಯಿಲ್ಲ! ಏಳನೆಯ ಮೈಲಿಗೆ ಮೋಟಾರು ತೆವಳತೊಡಗಿತು. ಅಲ್ಲೇ ಬಾವಿಯ ಬಳಿ ಕಾದಿದ್ದ ಮಾಪಣ್ಣ ಎತ್ತು ಕಟ್ಟಿದ. ಮಹಾಗಾಂವದ ಬೀಗರ ಮನೆಯಲ್ಲಿ ತಂಗಿ, ಮರುದಿನ ಮಧ್ಯಾಹ್ನ ಕಮಲಾಪುರದ ಬಾಳೆತೋಟಗಳು ಕಂಡಾಗ ಮಥುರಾ ಎತ್ತು ಬಿಚ್ಚಿಸಿದಳು. ದಣಿದ ಬ್ಯಾಟರಿಗೆ ವಿಶ್ರಾಂತಿ ಕೊಟ್ಟರೆ ಸ್ವಲ್ಪ ಕಸುವು ಮರಳುತ್ತದೆಂದು ಸಾಯಬಣ್ಣ ಹೇಳಿದ್ದನಂತೆ. ನಿಜವೇ ಆಯಿತು. ಎತ್ತಿಲ್ಲದೆ, ಕುದುರೆಯಿಲ್ಲದೆ ಊರೊಳಗೆ ಬಂದ ಗಾಡಿಯ ಹಿಂದೆ ಇಡೀ ಪೇಟೆ ಬಂತು. ಗದ್ದಲ ಕೇಳಿ, ಮೂರು ತಿಂಗಳಿಂದ ಏಳದಿದ್ದ ಅಕ್ಕ ಗೋಡೆ ಹಿಡಿದು ಬಾಗಿಲಿಗೆ ಬಂದಳು.

"ಯಾರವ್ವಾ ಇಕಿ, ಮಹಾರಾಣಿ?"

"ನಾನ ಅಕ್ಕಾ, ಪಾರೂ!"

ಅತ್ತೆವು, ನಕ್ಕೆವು, ಒಂದೇ ಚಾಪೆಯ ಮೇಲೆ ಕೂತು ಕೆಂಬಾಳೆಹಣ್ಣು ತಿಂದೆವು. ಎಂಟು ದಿನ ಇದ್ದು, ಮತ್ತೆ ಎತ್ತು ಕಟ್ಟಿಸಿಕೊಂಡು ಬಂದೆ. ಈಗ ಅಕ್ಕ ದಿನಾಲು ಅಂಗಳಕ್ಕೆ ಬಂದು ಕೂರುತ್ತಾಳಂತೆ.

ಪ್ರಾಣದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಸಂಗಡಿಗರಿಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಮ್ಮ,
ಪಾರ್ವತೀಬಾಯಿ

ತಾ.ಕ.: ಟಪಾಲಿನವ ಬಾಗಿಲಲ್ಲೇ ನಿಂತಿದ್ದಾನೆ. ಮೋಟಾರು ಕೊಳ್ಳಲೆಂದು ನೀನು ಕಳಿಸಿದ ಸಾಹೇಬರು ನಿನ್ನೆ ಬಂದಿದ್ದರು. ಶರಬತ್ತು ಕುಡಿಸಿ, ಕೊಡುವುದಿಲ್ಲ ಎಂದು ಹೇಳಿ ಕಳಿಸಿದೆ. ನೀನು ಬರುವಾಗ ಬ್ಯಾಟರಿಗೆ ಹೊಸ ಖಾನೆಗಳನ್ನು ತಾ. ಸ್ಟೇಷನ್ನಿನಲ್ಲಿ ಟಾಂಗಾ ಹಿಡಿಯಬೇಡ, ನಾವೇ ಕರೆಯಲು ಬರುತ್ತೇವೆ. ಹಿಂದೆ ಕೂತುಕೊಳ್ಳಬೇಕು ನೀನು. ಮಥುರಾಳ ಪಕ್ಕದ ಜಾಗ ನನ್ನದು.