ದೀಕ್ಷಾಸ್ನಾನದ ತೆರಿಗೆ

ಕೋಪೆನಿಕ್, ಬರ್ಲಿನ್
14 ಮಾರ್ಚ್ 2019, ಗುರುವಾರ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಹೊಸ ಮುಲಾಮು ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ವಾಸನೆ ಆಗುವುದಿಲ್ಲವೆಂದು ಕಪಾಟಿನೊಳಗೆ ತಳ್ಳಿದ್ದೀಯೋ? ಇಸ್ಪೀಟಿನಲ್ಲಿ ನೀನು ಎಲ್ಲರನ್ನೂ ಸೋಲಿಸಿ, ಈಗ ನಿನ್ನ ಮೇಜಿನ ಹತ್ತಿರ ಯಾರೂ ಸುಳಿಯುತ್ತಿಲ್ಲವಂತೆ, ನಿಮ್ಮ ವೃದ್ಧಾಶ್ರಮದ ನರ್ಸ್ ಹೇಳಿದಳು. ಎಂಬತ್ತೆಂಟಾದರೂ ಮೇಷ್ಟ್ರ ಬುದ್ಧಿ ಹೋಗಲಿಲ್ಲ ನೋಡು, ಒಂದಾಟವಾದರೂ ಬಿಟ್ಟುಕೊಡಬಾರದೇ? ನಾನು ಚೆನ್ನಾಗಿದ್ದೇನೆ. ಬೆಳಗಿನ ಪಾಳಿಯ ಟ್ರಾಮ್ ಓಡಿಸಿ ಬಂದು, ಆಲೂಗಡ್ಡೆ ಬೇಯಲು ಇಟ್ಟು ಬರೆಯಲು ಕೂತಿದ್ದೇನೆ. ಫೋನಿನಲ್ಲೇ ಮುಗಿಸೋಣವೆಂದರೆ ಭಾನುವಾರ ನೀನು ಮಾತಿನ ಮಧ್ಯದಲ್ಲೇ ಇಟ್ಟುಬಿಟ್ಟೆ.

ಆದ್ದರಿಂದ ಮೊದಲಿನಿಂದ ಹೇಳುತ್ತೇನೆ, ಸಮಾಧಾನವಾಗಿ ಓದು. ಗೆರ್ನೋಟ್‌ನನ್ನು ಮದುವೆಯಾಗಿ ನಾನು ಬರ್ಲಿನ್‌ಗೆ ಬಂದೆನಲ್ಲ, ಆಮೇಲೆ ಇಲ್ಲಿನ ತೆರಿಗೆ ಕಚೇರಿಯವರು ಒಂದು ಪ್ರಶ್ನಾವಳಿ ಕಳಿಸಿದ್ದರು. ನಿಮಗೆ ದೀಕ್ಷಾಸ್ನಾನ ಆಗಿದೆಯೇ, ಆಗಿದ್ದರೆ ಚರ್ಚನ್ನು ಯಾವಾಗ ಬಿಟ್ಟಿರಿ ಎಂದು. ಆಗಿಯೇ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದ್ದೆ. ಅವರು ಸುಮ್ಮನಿರದೆ ನಾನು ಹುಟ್ಟಿದ ಊರಿನ ಚರ್ಚಿಗೇ ಬರೆದು ಕೇಳಿದ್ದಾರೆ. ಅಲ್ಲಿಂದ ಉತ್ತರ ಬಂತು: 1966ರ ಏಪ್ರಿಲ್‌ನಲ್ಲಿ ಆಗಿದೆ. ಅಂದಮೇಲೆ ನಾನು ಇವತ್ತಿಗೂ ಚರ್ಚಿನ ಸದಸ್ಯೆ, ಸದಸ್ಯರ ಸಂಬಳದಿಂದ ಸರ್ಕಾರವೇ ಹಿಡಿದು ಚರ್ಚಿಗೆ ಕೊಡುವ ಚರ್ಚ್ ತೆರಿಗೆ ಮೂರು ವರ್ಷದ್ದು ಬಾಕಿ ಕಟ್ಟಬೇಕು. ಗೆರ್ನೋಟ್ ಕಾಗದ ಓದಿ, "ಏನೇ, ಐವತ್ತೆರಡು ವರ್ಷದಿಂದ ಕ್ರೈಸ್ತಳಾಗಿದ್ದೀಯ, ಕಟ್ಕೊಂಡ ಗಂಡಂಗೆ ಒಂದು ಮಾತು ಹೇಳ್ಬಾರ್ದಾ?" ಎಂದು ಎರಡು ದಿನ ನಕ್ಕ.

ನಾನು ನಗಲಿಲ್ಲ. ಸೀದಾ ತೆರಿಗೆದಾರರ ಸಂಘಕ್ಕೆ ಹೋದೆ. ಅಲ್ಲಿ ಶ್ರೀಮತಿ ಡ್ರೆಸ್ಲರ್ ಎಂಬ ಸಲಹೆಗಾರ್ತಿ ಇದ್ದಾಳೆ, ನಮ್ಮ ಡಿಪೋ ಮ್ಯಾನೇಜರನಿಗಿಂತ ಗಟ್ಟಿಗಿತ್ತಿ. "ನಿಮ್ಮಂಥೋರು ತಿಂಗಳಿಗೆ ಇಬ್ರಾದ್ರೂ ಬರ್ತಾರೆ ಬಿಡಿ. ನಿನ್ನೆ ಬಂದವರಿಗೆ, ಮನೇಲಿ ಆಫೀಸ್ ಕೆಲಸಕ್ಕೇ ಅಂತ ತೋರಿಸಿದ ಕೋಣೇಲಿ ಮಂಚ ಇತ್ತು ಅಂತ ತೆರಿಗೆ ವಿನಾಯಿತಿ ಹೋಯ್ತು. ನಿಮ್ಮದು ಅದಕ್ಕಿಂತ ವಾಸಿ" ಎಂದಳು. ಆಕ್ಷೇಪಣೆ ಹಾಕಲು ಒಂದು ತಿಂಗಳ ಗಡುವು, ಹಾಕಿದ್ದಾಯಿತು. ಹೆತ್ತವರ ಒಪ್ಪಿಗೆ ಇಲ್ಲದೆ ಯಾರೋ ಕದ್ದು ಮಾಡಿಸಿದ್ದರೆ ನಮ್ಮ ವಾದಕ್ಕೆ ಬಲ ಬರುತ್ತದಂತೆ. "ತಂದೆ ಇದ್ದಾರಾ? ಬುದ್ಧಿ ಸ್ಥಿಮಿತದಲ್ಲಿದೆಯಾ?" ಎಂದು ಕೇಳಿದಳು. ಇಸ್ಪೀಟಿನ ವಿಷಯ ಹೇಳಿದೆ. ಅವಳೇ ಒಂದು ಹಾಳೆ ಟೈಪ್ ಮಾಡಿಕೊಟ್ಟಳು, ಇದರೊಳಗಿದೆ. "ನನಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೆ ಒಪ್ಪುತ್ತಿರಲಿಲ್ಲ" ಎಂದು ನಿನ್ನ ಹೇಳಿಕೆ, ಇಷ್ಟೇ ಇರುವುದು. ಕೆಳಗೆ ಸಹಿ ಹಾಕಿ ಕಳಿಸು.

ಇದು ಅಮ್ಮನ ತಾಯಿಯ ಕೆಲಸ, ನನಗೆ ಖಾತ್ರಿ. ಪ್ರಾರ್ಥನೆ ಪುಸ್ತಕವನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದ ಹೆಂಗಸು, ಮೊಮ್ಮಗಳನ್ನು ಬಿಟ್ಟಾಳೇ? ನೀನು ಆಗಿನ ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಪಕ್ಷದ ಸದಸ್ಯ, ಶಾಲೆಯ ಹೆಡ್‌ಮಾಸ್ಟರ್, ಪಾದ್ರಿಗಳನ್ನು ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಿದ್ದವನು. ನಿನ್ನ ಮೂಗಿನ ಕೆಳಗೇ ಹೀಗಾಯಿತೆಂದು ಅವಮಾನವಾಗಿರಬೇಕು. ಇಲ್ಲದಿದ್ದರೆ ಭಾನುವಾರ, "ಆ ಹಣ ಕಟ್ಟಿ ಕೈ ತೊಳ್ಕೊ ಉಲ್ಲಿ, ಬೇಕಾದ್ರೆ ನಾನು ಕೊಡ್ತೀನಿ" ಎಂಬ ಮಾತು ನಿನ್ನ ಬಾಯಲ್ಲಿ ಬರುತ್ತಿತ್ತೇ? ಬಸ್ ಟಿಕೆಟ್ಟಿನ ಚಿಲ್ಲರೆಗೂ ಜಗಳ ತೆಗೆಯುವವನು ನೀನು.

ಹಣದ ಮಾತಲ್ಲ ಅಪ್ಪಾ. ಹದಿಮೂರು ವರ್ಷದವಳಿದ್ದಾಗ ಗೆಳತಿ ಆನೆಗ್ರೆಟ್, ಹರೆಯದವರು ಚರ್ಚಿನಲ್ಲಿ ತಮ್ಮ ನಂಬಿಕೆ ಸಾರುವ ದೃಢೀಕರಣದ ವಿಧಿಗೆ ನನ್ನನ್ನು ಕರೆದಳು. ಸುಮ್ಮನೆ ಹಿಂದಿನ ಬೆಂಚಿನಲ್ಲಿ ಕೂತು ಬರುತ್ತೇನೆ ಎಂದು ನಿನ್ನನ್ನು ಅಳುತ್ತಾ ಕೇಳಿದೆ. "ಈ ಮನೆಯವರು ಆ ಬಾಗಿಲು ದಾಟಲ್ಲ" ಎಂದೆ ನೀನು. ಹೋಗಲಿಲ್ಲ. ಅವಳು ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ನಾನು ನಿನ್ನನ್ನು ಕ್ಷಮಿಸಿದ್ದು ಒಂದೇ ಕಾರಣಕ್ಕೆ, ನೀನು ಒಂದು ಮಾತಿನ ಮನುಷ್ಯ ಎಂದು. ಈಗ ತೆಪ್ಪಗೆ ತೆರಿಗೆ ಕಟ್ಟಿದರೆ ಅಂದು ನಾನು ಅತ್ತದ್ದಕ್ಕೆ ಏನು ಅರ್ಥ? ಈ ಕೇಸು ನಾವು ಗೆಲ್ಲುತ್ತೇವೆ, ಅನುಮಾನವೇ ಬೇಡ.

ಗೆರ್ನೋಟ್ ನಿನ್ನನ್ನು ಕೇಳಿದನೆಂದು ಹೇಳು ಎಂದಿದ್ದಾನೆ. ಬೆಚ್ಚಗಿರು, ಮುಲಾಮು ಹಚ್ಚಿಕೋ, ಯಾರಿಗಾದರೂ ಒಂದಾಟ ಸೋಲು.

ನಿನ್ನ
ಉಲ್ಲಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಟಪಾಲು ಬಂತು. ಶ್ರೀಮತಿ ಡ್ರೆಸ್ಲರ್ ತರಿಸಿದ ಚರ್ಚಿನ ದಾಖಲೆಯ ನಕಲು. ಅದರಲ್ಲಿ ಹೀಗಿದೆ: "ಮಗು ಉಳಿಯುವ ಭರವಸೆ ಇಲ್ಲ. ತಾಯಿಗೆ ಪ್ರಜ್ಞೆ ಇಲ್ಲ. ತಂದೆಯ ಕೋರಿಕೆಯಂತೆ ಆಸ್ಪತ್ರೆಯಲ್ಲೇ ದೀಕ್ಷಾಸ್ನಾನ." ಅಜ್ಜಿಯ ಹೆಸರೇ ಇಲ್ಲ. ಕೆಳಗೆ ನಿನ್ನ ಸಹಿ. ಯಾರಿಗಾದರೂ ಗೊತ್ತಾಗಿದ್ದರೆ ಶಾಲೆ, ಪಕ್ಷ ಎರಡೂ ಹೋಗುತ್ತಿದ್ದವು. ಅಮ್ಮನಿಗೂ ಹೇಳಲಿಲ್ಲ ನೀನು, ಅಲ್ಲವೇ? ಈ ಪತ್ರ ಹರಿದು ಬೇರೆ ಬರೆಯಬಹುದಿತ್ತು. ಆದರೆ ತಪ್ಪು ಲೆಕ್ಕವನ್ನು ಅಳಿಸಬೇಡ, ಅದರ ಕೆಳಗೇ ಸರಿಯಾದದ್ದನ್ನು ಬರೆ ಎಂದು ಕಲಿಸಿದವನು ನೀನೇ. ಆ ಹಾಳೆಗೆ ಸಹಿ ಹಾಕಬೇಡ. ಆಕ್ಷೇಪಣೆಯನ್ನು ನಾಳೆ ವಾಪಸು ತೆಗೆದುಕೊಂಡು ಬಾಕಿ ನಾನೇ ಕಟ್ಟುತ್ತೇನೆ. ಆನೆಗ್ರೆಟ್‌ಳ ವಿಷಯಕ್ಕೆ ಸಿಟ್ಟು ಈಗ ಎರಡು ಪಟ್ಟಾಗಿದೆ, ಶನಿವಾರ ಬಂದು ಎದುರಿಗೇ ಜಗಳವಾಡುತ್ತೇನೆ. ಆದರೆ ಅದಕ್ಕೂ ಮೊದಲು ನೀನು ನನಗೊಂದು ಹೇಳಬೇಕು. ಅಂದು ಅಲ್ಲಿ ನಿಂತು, ನೀನು ನಂಬದ ಆ ದೇವರ ಹತ್ತಿರ ಏನೆಂದು ಬೇಡಿಕೊಂಡೆ, ಅಪ್ಪಾ?