ಮೊದಲನೇ ಕಪ್‌ನ ಸಿಹಿ

7 ಮಾರ್ಚ್ 2017, ಮಂಗಳವಾರ

ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಇಪ್ಪತ್ತು ನಿಮಿಷ. ಲ್ಯಾಬ್ ತಲುಪುವಷ್ಟರಲ್ಲಿ ಕಾಫಿ ರುಚಿ ನೋಡುವ ಟೇಬಲ್ ಸಿದ್ಧವಿತ್ತು. ಆರು ಸ್ಯಾಂಪಲ್, ಯಾವುದೆಂದು ತಿಳಿಯದಂತೆ ಬರೀ ನಂಬರ್, ಒಂದೊಂದಕ್ಕೆ ಐದು ಕಪ್. ಹೀರು, ಉಗುಳು, ಬರೆ. ರೊಬಸ್ಟಾ ಅಂದರೆ ಗೊತ್ತಿರುವ ರುಚಿಯೇ — ಹುರಿಗಡಲೆ, ಒಣ ಕಟ್ಟಿಗೆ, ಕೊನೆಗೆ ಕಹಿ. ಆದರೆ 417ರ ಮೊದಲನೇ ಕಪ್... ಸಿಹಿ. ಮೋಸಂಬಿ ಸಿಪ್ಪೆಯಂಥ ಹುಳಿ. ಹದಿನಾಲ್ಕು ವರ್ಷ ಕಾಫಿ ರುಚಿ ನೋಡಿದ್ದೇನೆ. ಇದು ಅರೇಬಿಕಾ, ಬೇರೆಯೇ ಜಾತಿಯ ಕಾಫಿ.

ನಂಬರ್ ಬಿಚ್ಚಿದರೆ ನಮ್ಮ ಲ್ಯಾಬಿನ ಮಹೇಂದ್ರರ ಸ್ಯಾಂಪಲ್. ಸಿಪ್ಪೆ ತೆಗೆದ ರೊಬಸ್ಟಾವನ್ನು ತೊಟ್ಟಿಯಲ್ಲಿ ಹನ್ನೆರಡು, ಇಪ್ಪತ್ತನಾಲ್ಕು, ಮೂವತ್ತಾರು ಗಂಟೆ ಹುಳಿಯಲು ಬಿಟ್ಟು ಯಾವುದು ಮೇಲು ಎಂದು ನೋಡುವ ಪ್ರಯೋಗ ಅವರದು. ಹೋದ ವರ್ಷ ಮೂವತ್ತಾರು ಗೆದ್ದಿತ್ತು; 417 ಕೂಡ ಅದೇ. ಈ ವರ್ಷವೂ ಗೆದ್ದರೆ ಕೈಪಿಡಿ ಅಚ್ಚಾಗುತ್ತದೆ, ಬೆಳೆಗಾರರೆಲ್ಲ ಹಾಗೇ ಮಾಡುತ್ತಾರೆ.

"ನೋಡಿದ್ರಾ ಸರಳಾ?" ಅಂದರು. ಮುಖವೆಲ್ಲ ನಗು.

ನೋಡಿದೆ.

9 ಮಾರ್ಚ್, ಗುರುವಾರ

ಟೇಬಲ್‌ಗೆ ಅರ್ಧ ಗಂಟೆ ಮುಂಚೆ ಮಹೇಂದ್ರ, ಅಟೆಂಡರ್ ಮುನಿರಾಮಯ್ಯ ಕಾಫಿ ಹುರಿಯುವ ಕೋಣೆಗೆ ಹೋದರು. ಬಾಗಿಲು ಹಾಕಿಕೊಂಡರು. ಪ್ರಯೋಗ ಅವರದೇ ಆದ್ದರಿಂದ ಅಲ್ಲಿಗೆ ಹೋಗುವ ಹಾಗೇ ಇಲ್ಲ. ಹೊರಗೆ ಬಂದಾಗ ಕೇಳಿದೆ.

"ಏನಿಲ್ಲ ಕಣ್ರೀ, ಮುನಿರಾಮಯ್ಯನ್ನ ಮಾತಾಡಿಸ್ಕೊಂಡ್ ಬಂದೆ."

ಕೈ ಪ್ಯಾಂಟಿನ ಜೇಬಿನೊಳಗೇ ಇತ್ತು. ಜೇಬಿನಲ್ಲಿ ಏನು?

14 ಮಾರ್ಚ್

ಎಲ್ಲರೂ ಊಟಕ್ಕೆ ಹೋದಾಗ 36 ಗಂಟೆಯ ಹಸಿ ಬೀಜದ ಚೀಲ ಬಿಚ್ಚಿದೆ. ಒಂದೊಂದೇ ನೋಡಿದೆ. ಎಲ್ಲ ಗುಂಡಗೆ, ನಡುವಿನ ಗೀರು ನೇರ. ಅಪ್ಪಟ ರೊಬಸ್ಟಾ. ಅರೇಬಿಕಾದ ಉದ್ದ ಬೀಜ, ಬಳುಕಿದ ಗೀರು — ಒಂದೂ ಇಲ್ಲ. ಹಾಗಾದರೆ ಬೆರಕೆ ಹುರಿದ ಮೇಲೇ ಆಗುತ್ತಿದೆ. ಹೋಲಿಕೆಗೆಂದು ಇಡುವ ಅರೇಬಿಕಾ ಅದೇ ಕೋಣೆಯಲ್ಲಿದೆ. ಒಂದು ಹಿಡಿ ಸಾಕು.

ಒಂದೊಂದು ಕಪ್‌ಗೂ ಬೇರೆಯಾಗಿ ಪುಡಿ ಮಾಡುತ್ತಾರೆ; ಸಿಹಿ ಮೊದಲನೇ ಕಪ್‌ನಲ್ಲೇ ಜಾಸ್ತಿ. ಎರಡನೆಯದರಲ್ಲಿ ಸ್ವಲ್ಪ. ಆಮೇಲೆ ಇಲ್ಲ. ಅವಸರದಲ್ಲಿ ಹುರಿದ ಬೀಜದ ಮೇಲೆ ಉದುರಿಸಿದರೆ ಹೀಗೇ ತಾನೆ ಆಗುವುದು?

20 ಮಾರ್ಚ್

ಮಹೇಂದ್ರ ಮಗಳ ಹುಟ್ಟುಹಬ್ಬದ ಮೈಸೂರು ಪಾಕ್ ತಂದರು. "ಯಾಕ್ರೀ, ನನ್ ಹತ್ರ ಮಾತೇ ಬಿಟ್ಬಿಟ್ಟಿದೀರಾ?" ತಲೆನೋವು ಅಂದೆ. ತುಂಡನ್ನು ಕಾಗದದಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟೆ. ತಿನ್ನಲಿಲ್ಲ.

23 ಮಾರ್ಚ್

ಮಹೇಂದ್ರ ಅರೇಬಿಕಾ ಬೆರೆಸುತ್ತಿದ್ದಾರೆ ಎಂದು ಡೈರೆಕ್ಟರ್ ಆನಂದಪ್ಪನವರಿಗೆ ದೂರು ಬರೆದುಕೊಟ್ಟೆ. ಎರಡು ಸಲ ಓದಿದರು.

"ಖಂಡಿತಾನಾ ಮೇಡಂ? ಒಬ್ಬನ ಹೆಸರು ಹೋಗತ್ತೆ."

"ನನ್ ನಾಲಿಗೆ ಇವತ್ತಿನವರೆಗೂ ತಪ್ಪಿಲ್ಲ ಸರ್."

10 ಏಪ್ರಿಲ್

ಮಹೇಂದ್ರರನ್ನು ಸೋಲದೇವನಹಳ್ಳಿ ಗೋಡೌನಿಗೆ ಹಾಕಿದ್ದಾರೆ, ವಿಚಾರಣೆ ಮುಗಿಯುವವರೆಗೆ. ಕೈಪಿಡಿ ನಿಂತಿದೆ. ಮೆಟ್ಟಿಲಲ್ಲಿ ಎದುರಾದರು. ಕೈಯಲ್ಲಿ ಟಿಫಿನ್ ಬ್ಯಾಗ್, ಮಗಳ ಫೋಟೋ.

"ದೂರು ಕೊಡೋ ಮುಂಚೆ ನನ್ನೇ ಒಂದ್ ಮಾತು ಕೇಳ್ಬಹುದಿತ್ತು, ಅಲ್ವೇನ್ರೀ?"

ಕೇಳಿದ್ದರೆ ನಿಜ ಹೇಳುತ್ತಿದ್ದರೇ? ಮನೆಗೆ ಬಂದ ಮೇಲೂ ಇದನ್ನೇ ಯೋಚಿಸುತ್ತಿದ್ದೇನೆ.

18 ಏಪ್ರಿಲ್, ಮಂಗಳವಾರ

ಈ ಸೀಸನ್ನಿನ ಕೊನೆಯ ಸ್ಯಾಂಪಲ್‌ಗಳು. 362ರ ಮೊದಲನೇ ಕಪ್. ಹೀರಿದೆ. ಚಮಚ ಕೈಯಲ್ಲೇ ನಿಂತಿತು.

ಸಿಹಿ. ಮೋಸಂಬಿ.

ನಂಬರ್ ಬಿಚ್ಚಿದೆ. ಮೂವತ್ತಾರು ಗಂಟೆ. ಮಹೇಂದ್ರ ಎಂಟು ದಿನದಿಂದ ಈ ಕಟ್ಟಡಕ್ಕೆ ಕಾಲಿಟ್ಟಿಲ್ಲ.

19 ಏಪ್ರಿಲ್

ಬೆಳಿಗ್ಗೆಯಿಂದ ಮುನಿರಾಮಯ್ಯನವರ ಪಕ್ಕದಲ್ಲೇ ನಿಂತೆ. ಶೆಟ್ಟಿಹಳ್ಳಿಯವರು, ನಾನು ಸೇರುವ ಮುಂಚಿನಿಂದ ಇಲ್ಲಿ ಕಾಫಿ ಹುರಿದು ಪುಡಿ ಮಾಡುತ್ತಿದ್ದಾರೆ. ಮೊದಲು ಅರೇಬಿಕಾ ಪುಡಿ ಮಾಡಿದರು. ತಟ್ಟೆ ಒರೆಸಿದರು. ಅದೇ ಗ್ರೈಂಡರಿಗೆ ನೇರವಾಗಿ 36 ಗಂಟೆಯ ರೊಬಸ್ಟಾ ಸುರಿದರು. ಮರದ ಸ್ಟ್ಯಾಂಡಿನಲ್ಲಿ ಅವೆರಡೂ ಅಕ್ಕಪಕ್ಕ. ದಿನವೂ ಅದೇ ಸಾಲು.

"ಮಧ್ಯೆ ಮುಂದಿನ ಸ್ಯಾಂಪಲ್ಲಿನ ಒಂದ್ ಹಿಡಿ ಬೀಜ ಪುಡಿ ಮಾಡಿ ಚೆಲ್ಲಿ ಮಿಷಿನ್ ತೊಳೀಬೇಕಲ್ವಾ?"

"ಮದ್ಲು ಅಂಗೇ ಮಾಡ್ತಿದ್ದೆ ಕಣಮ್ಮ. ಓದೊರ್ಸ ನೀವೇ ಏಳಿದ್ರಲ್ಲ — ಸ್ಯಾಂಪಲ್ ಕಮ್ಮಿ ಐತೆ, ಸುಮ್ನೆ ಬೀಜ ದಂಡ ಮಾಡ್ಬ್ಯಾಡಿ ಅಂತ. ಆವತ್ತಿಂದ ಇಂಗೇ."

ಹೌದು. ಬಾಗಿಲಲ್ಲಿ ನಿಂತು, ಫೋನ್ ಕಿವಿಗಿಟ್ಟುಕೊಂಡೇ ಹೇಳಿದ್ದೆ. ಒಂದು ದಿನದ ಮಟ್ಟಿಗೆ ಹೇಳಿದ್ದು. ಒಳಗೆ ಉಳಿದ ಅರೇಬಿಕಾ ಪುಡಿಯೇ ಮೊದಲನೇ ಕಪ್‌ಗೆ ಬೀಳುತ್ತಿತ್ತು.

"ಮಹೇಂದ್ರ ಇಲ್ಲಿಗೆ ಯಾಕ್ ಬರ್ತಿದ್ರು?"

ಹೋಗಿ ಬಾಗಿಲು ಹಾಕಿ ಬಂದರು. "ನಂಗೆ ಕಣ್ಣಿನ ಆಪ್ರೇಸನ್ ಆಗಿತ್ತಲ್ಲಮ್ಮ. ಕಣ್ಣಿಗೆ ಔಷ್ದಿ ಬಿಡಕ್ಕೆ ಕೈ ನಡುಗ್ತದೆ. ಒಗೇಲಿ ಕೆಲ್ಸ ಮಾಡ್ಬ್ಯಾಡ ಅಂದಿದ್ರು ಡಾಕ್ಟ್ರು. ಆಫೀಸಿಗ್ ಗೊತ್ತಾದ್ರೆ ಮನೆಗ್ ಕಳಿಸ್ತಾರೆ ಅಂತ ಮಯೇಂದ್ರ ಸಾರೇ ಸೀಸೆ ಜೇಬಲ್ಲಿಟ್ಕೊಂಡ್ ಬಂದು ಬಿಟ್ಟು ಓಗ್ತಿದ್ರು."

ಗ್ರೈಂಡರ್ ತೊಳೆಸಿ ಮತ್ತೆ ಟೇಬಲ್ ಹಾಕಿಸಿದೆ. ಐದು ಕಪ್ಪೂ ಒಂದೇ. ಹುರಿಗಡಲೆ, ಒಣ ಕಟ್ಟಿಗೆ, ಕಹಿ. ಇಪ್ಪತ್ತನಾಲ್ಕಕ್ಕೂ ಮೂವತ್ತಾರಕ್ಕೂ ಏನೂ ವ್ಯತ್ಯಾಸವಿಲ್ಲ.

20 ಏಪ್ರಿಲ್, ಗುರುವಾರ

ಸೋಲದೇವನಹಳ್ಳಿಗೆ ಹೋದೆ. ಮಹೇಂದ್ರ ಚೀಲಗಳ ನಡುವೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ.

"ಐದು ಕಪ್ಪೂ ಒಂದೇ ಥರಾನಾ?"

"ಹೂಂ."

"ಹೋದ್ ವರ್ಷದ್ದೂ ಹಂಗಾದ್ರೆ..." ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. "ಸದ್ಯ, ಕೈಪಿಡಿ ಅಚ್ಚಾಗ್ಲಿಲ್ಲ."

ಹೊರಡುವಾಗ ಒಂದೇ ಮಾತು: "ಮುನಿರಾಮಯ್ಯನ ಕಣ್ಣಿನ ವಿಷ್ಯ ಎಲ್ಲೂ ಬರೀಬೇಡಿ."

ಅವರನ್ನು ಇಷ್ಟು ದಿನ ಯಾವ ಕಣ್ಣಿನಿಂದ ನೋಡಿದೆ ನಾನು. ಸ್ಕೂಟರ್ ಸ್ಟಾರ್ಟ್ ಮಾಡಲು ಮೂರು ಸಲ ಒದ್ದೆ.

21 ಏಪ್ರಿಲ್, ಬೆಳಿಗ್ಗೆ 10.40

ತಪ್ಪು ನನ್ನದೆಂದು ಪತ್ರ ಬರೆದು ಕೊಟ್ಟೆ. ಆನಂದಪ್ಪ ಓದಿ ವಾಪಸ್ ತಳ್ಳಿದರು.

"ಮಹೇಂದ್ರನ್ನ ವಾಪಸ್ ಕರೆಸೋಣ, ಅದು ಸರಿ. ಆದ್ರೆ ಇದ್ರಲ್ಲಿ ನಿಮ್ ಹೆಸರ್ಯಾಕೆ? ನಾಳೆ ನಮ್ ಲ್ಯಾಬಿನ ರಿಪೋರ್ಟ್ ಯಾರ್ ನಂಬ್ತಾರೆ? ಅಟೆಂಡರ್ ಮಿಷಿನ್ ಸರಿಯಾಗಿ ತೊಳ್ದಿಲ್ಲ ಅಂತ ಬರೀರಿ. ಅವನೇನು, ಓದ್ದೋನಲ್ಲ ಬರೆದೋನಲ್ಲ."

ಯೋಚಿಸಿ ಅಂತ ಕಳಿಸಿದ್ದಾರೆ. ಹಾಗೇ ಬರೆದುಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು — ಅನ್ನಿಸಿತು, ಇಲ್ಲಿ ಸುಳ್ಳು ಬರೆಯಲಾರೆ. ಒಂದೇ ವಾಕ್ಯ, ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಸ ಹಾಳೆ ತೆಗೆದುಕೊಂಡೆ. ಮೊದಲಿದ್ದದ್ದನ್ನೇ ಮತ್ತೆ ಬರೆದೆ, ಇನ್ನೂ ಬಿಡಿಸಿ. ತೊಳೆಯಬೇಡಿ ಎಂದವಳು ನಾನು. ವಿಚಾರಿಸದೆ ದೂರು ಕೊಟ್ಟವಳೂ ನಾನು. ಸಹಿ ಹಾಕಿದೆ. ಮೂರು ಪ್ರತಿ — ಒಂದು ಆನಂದಪ್ಪನವರಿಗೆ, ಒಂದು ವಿಚಾರಣೆಯವರಿಗೆ, ಒಂದು ಮಹೇಂದ್ರರ ಕೈಗೆ.

ಒಳಗಿನಿಂದ ಬೆಲ್ ಒತ್ತುತ್ತಿದ್ದಾರೆ. ಮುನಿರಾಮಯ್ಯ ಬಾಗಿಲಿಗೆ ಬಂದು, "ಸಾಯೇಬ್ರು ನಿಮ್ಮನ್ನೇ ಕರೀತವ್ರಮ್ಮ" ಅಂದರು. ಹೋಗಿ ಇದನ್ನೇ ಅವರ ಮುಂದಿಡುತ್ತೇನೆ.